ಮುಂದಿನ ಗಾಲಿ ಎತ್ತುವ ಭಾನುವಾರ

ಸೀಮೆಎಣ್ಣೆಯಲ್ಲಿ ಗ್ರೀಸು ಕರಗುವ ವಾಸನೆ ಬಂದರೆ ಈಗಲೂ ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗುತ್ತದೆ. ಹೊಸಪೇಟೆಯ ನಮ್ಮ ಮನೆ ಎದುರಿಗೇ ಗ್ಯಾರೇಜಿದೆ, ದಿನಾ ಬರುವ ವಾಸನೆ ಅದು. ಆದರೂ ಬಂದಾಗಲೆಲ್ಲ ನಾನು ದೋಣಿಮಲೈ ಗಣಿ ಕಂಪನಿಯ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಲಂಗ ಮುದುರಿಕೊಂಡು ಕೂತಿರುತ್ತೇನೆ. ಅಲ್ಲಿನ ಕೆಂಪು ಧೂಳು ಏನನ್ನೂ ಬಿಡುತ್ತಿರಲಿಲ್ಲ. ಒಣಹಾಕಿದ ಬಟ್ಟೆ, ಮೊಸರಿನ ಗಡಿಗೆ, ಕೊನೆಗೆ ಅಪ್ಪನ ಮೋಟರ್‌ಸೈಕಲ್ಲಿನ ಮುಂದಿನ ಗಾಲಿಯ ಬೇರಿಂಗು. ಅದನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯಲು ಗಾಲಿ ನೆಲ ಬಿಟ್ಟು ಮೇಲೇಳಬೇಕು. ಜಾಕ್ ಯಾರ ಮನೆಯಲ್ಲಿತ್ತು? ಅಪ್ಪ ಗಾಡಿಯನ್ನು ದೊಡ್ಡ ಸ್ಟ್ಯಾಂಡಿಗೆ ಹಾಕಿ, "ಬಾರೇ, ಕುಂದ್ರು" ಎಂದು ಅವ್ವನನ್ನು ಕರೆಯುತ್ತಿದ್ದ. ಅವ್ವ ಮೈಕೈ ತುಂಬಿಕೊಂಡಿದ್ದ ಹೆಂಗಸು. ಅವಳು ಹಿಂದಿನ ಸೀಟಿನ ತುದಿಗೆ ಕೂತಳೆಂದರೆ ಮುಂದಿನ ಗಾಲಿ ತಾನೇ ಏಳುತ್ತಿತ್ತು. ಗಾಲಿ ಮತ್ತೆ ಹಾಕುವವರೆಗೂ ಅಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನಮ್ಮ ಮನೆಯ ಸುಖದ ಹೊತ್ತು ಅದು.

ಒಂದು ಭಾನುವಾರ ಅಪ್ಪನ ಶಿಫ್ಟಿನ ಗೆಳೆಯರು ಹೆಂಡತಿಯರ ಸಮೇತ ಗೇಟಿನ ಬಳಿ ನಿಂತರು. "ಯಾಕ್ರೀ, ಅಕ್ಕಾರು ಹಿಂಗ ಕುಂತಾರ?" ಎಂದು ಒಬ್ಬ ಕೇಳಿದ. ಗಾಲಿ ಬಿಚ್ಚಿಟ್ಟು, ಅದು ಕೂರುವ ಫೋರ್ಕಿನ ತುದಿಯನ್ನು ಕೆಳಗಿನಿಂದ ಒರೆಸುತ್ತಿದ್ದ ಅಪ್ಪ ತಲೆ ಎತ್ತದೆಯೇ, "ನಮ್ಮನಿ ಜಾಕ್ ಅದು. ಕಂಪನಿದಕ್ಕಿಂತ ಭಾಳ ಗಟ್ಟಿ" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವ್ವ ಇಳಿದೇಬಿಡಲೆಂದು ಒಂದು ಕಾಲು ಚಾಚಿದಳು. ಆಗ ಅಪ್ಪನ ಬೆರಳುಗಳು ಅವಳ ಕಣ್ಣಿಗೆ ಬಿದ್ದವು. ಅವಳು ಇಳಿದರೆ ಗಾಡಿಯ ಭಾರವೆಲ್ಲ ಆ ಬೆರಳುಗಳ ಮೇಲೆ. ಕಾಲು ಹಿಂದಕ್ಕೆ ತೆಗೆದುಕೊಂಡು, ಸೆರಗನ್ನು ತಲೆ ಮೇಲೆ ಎಳೆದುಕೊಂಡು ಕೂತಳು. ಅವರು ನಗುತ್ತಲೇ ಇದ್ದರು. ನನಗೆ ತಲೆ ಎತ್ತಲಾಗಲಿಲ್ಲ. ನಟ್ಟು ಬಿಗಿಯಾದ ಮೇಲೆ ಅವ್ವ ಇಳಿದು ಒಳಗೆ ಹೋದಳು. ಅವಳ ಮುಖವನ್ನು ಅಪ್ಪ ನೋಡಿದ್ದು ಆಗಲೇ.

ಮುಂದಿನ ಸಲ ಅಪ್ಪ ಗೋಣಿಚೀಲಕ್ಕೆ ಮಣ್ಣು ತುಂಬಿ ಸೀಟಿನ ತುದಿಗೆ ಕಟ್ಟಿದ; ಎಂಜಿನ್ನಿನ ಕೆಳಗೆ ಮರದ ದಿಮ್ಮಿಯನ್ನೂ ಕೊಟ್ಟ. ತಪ್ಪಾಯಿತು ಎನ್ನಲು ಮಾತ್ರ ಅವನಿಗೆ ಬಾಯಿ ಬರಲಿಲ್ಲ. ಅವ್ವ ಮತ್ತೆಂದೂ ಆ ಗಾಡಿ ಹತ್ತಲಿಲ್ಲ. ಅವಳು ಸಂಡೂರಿನ ಸಂತೆಗೆ ಬಸ್ಸಿನಲ್ಲಿ ಹೋದರೆ, ಅಪ್ಪ ಆ ಬಸ್ಸಿನ ಹಿಂದೆಯೇ ಖಾಲಿ ಸೀಟಿನ ಗಾಡಿ ಓಡಿಸಿಕೊಂಡು ಹೋಗುತ್ತಿದ್ದ.

ಇಬ್ಬರೂ ಈಗಿಲ್ಲ. ನಿಮ್ಮ ಮನೆಯಲ್ಲೂ ಹೇಳದೇ ಉಳಿದ ಮಾತೊಂದು ಇದ್ದೀತು, ನಮ್ಮದು ಹೀಗಿತ್ತು. ಅಪ್ಪ ನಿವೃತ್ತನಾಗಿ ನಮ್ಮೂರು ಕಂಪ್ಲಿಗೆ ಹೊರಟ ದಿನ ಸಾಮಾನೆಲ್ಲ ಲಾರಿಗೇರಿತು. ಅಪ್ಪ ಗಾಡಿ ಹತ್ತಿ ಚಾಲೂ ಮಾಡಿ, ಅವ್ವನ ಕಡೆ ನೋಡುತ್ತ ಕೂತ. ಅವ್ವ ನನ್ನ ಕೈ ಹಿಡಿದು ಲಾರಿ ಹತ್ತಿದಳು. ಅಪ್ಪ ಇಳಿದು, ಅಂಗಳದಲ್ಲಿ ಬಿಟ್ಟಿದ್ದ ಆ ಮಣ್ಣಿನ ಗೋಣಿಚೀಲವನ್ನು ಹಿಂದಿನ ಸೀಟಿಗೆ ಕಟ್ಟಿಕೊಂಡು ನಮ್ಮ ಮುಂದೆ ಹೊರಟ. ಘಾಟಿ ಇಳಿಯುವಾಗ ಅವ್ವ ಲಾರಿಯ ಗಾಜಿಗೆ ಮುಖ ಹಚ್ಚಿ, "ಚೀಲ ಬಿಗಿ ಕಟ್ಯಾರೋ ಇಲ್ಲೋ ನೋಡವ್ವಾ. ಜಾರಿದ್ರ ಅವ್ರು ಬೀಳ್ತಾರ" ಎಂದಳು. ಕಂಪ್ಲಿ ಬರುವವರೆಗೂ ಅವಳು ಆ ಚೀಲದ ಮೇಲಿಂದ ಕಣ್ಣು ತೆಗೆಯಲಿಲ್ಲ.