ಮುಳುಗಿದ ಹಡಗಿನ ಮಾಸ್ತರರು

ಗೋವಿಂದರಾವ ಮಾಸ್ತರರು ಎಲ್ಲಿಗೇ ಹೊರಟಿರಲಿ, ಎರಡು ಮೆಟ್ಟಿಲು ಇಳಿಯಬೇಕಾಗಿ ಬಂದರೆ ಸಾಕು, ಗಕ್ಕನೆ ನಿಲ್ಲುತ್ತಿದ್ದರು. ಎರಡು ಬೆರಳಿನಿಂದ ಮೂಗು ಹಿಡಿದು, ಬಾಯಿ ಮುಚ್ಚಿ, ಗಲ್ಲ ಉಬ್ಬಿಸಿ ಒಳಗಿಂದೊಳಗೇ ಒಮ್ಮೆ ಊದುತ್ತಿದ್ದರು. ಕಿವಿಯಲ್ಲಿ ‘ಟಿಕ್’ ಎಂದ ಮೇಲೆಯೇ ಮುಂದಿನ ಹೆಜ್ಜೆ. ನಮ್ಮ ಇಂಡಿ ಊರಿನ ಬಸ್ ನಿಲ್ದಾಣದ ಮೆಟ್ಟಿಲಿನ ಮೇಲೆ ಅವರು ಹೀಗೆ ನಿಂತಾಗ, ಗೊತ್ತಿಲ್ಲದ ಹಳ್ಳಿಯವರು “ಆಚಾರ್ರು ಸಂಧ್ಯಾವಂದನಿ ಮಾಡಾಕತ್ತಾರ” ಎಂದು ಚಪ್ಪಲಿ ಬಿಟ್ಟು ಕೈಮುಗಿದು ಹೋಗುತ್ತಿದ್ದರು. ಗೊತ್ತಿದ್ದವರು “ಮಾಸ್ತರ್ರು ಹಡಗಕ್ಕ ಇಳ್ಯಾಕತ್ತಾರ, ದಾರಿ ಬಿಡ್ರಿ” ಎನ್ನುತ್ತಿದ್ದರು.

ಹಡಗು ಇದ್ದದ್ದು ಗೋವಾದ ಸಮುದ್ರದ ತಳದಲ್ಲಿ. ಇಂಡಿಯಲ್ಲಿ ಸಮುದ್ರವೆಂದರೆ ನಕಾಶೆಯ ಅಂಚಿಗೆ ಬಳಿದ ನೀಲಿ ಬಣ್ಣ, ಅಷ್ಟೇ. ನಳದಲ್ಲಿ ನೀರು ಬಂದ ಸಪ್ಪಳ ಕೇಳಿದರೆ ಉಣ್ಣುವ ತಾಟು ಬಿಟ್ಟು ಏಳುವ ಜನ ನಾವು. ಅಂಥ ಊರಿನ ಮಾಸ್ತರರು ನಿವೃತ್ತರಾದ ವರ್ಷ ಅಳಿಯನ ಜೊತೆ ದೇವರ ದರ್ಶನಕ್ಕೆಂದು ಗೋವಾಕ್ಕೆ ಹೋದರು. ಮರಳಿ ಬಂದಾಗ ದೇವರ ಸುದ್ದಿ ತೆಗೆಯಲೇ ಇಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಮುಳುಗಿದ ಹಡಗು ನೋಡಲು ಕೆಳಗಿಳಿಯುವ ವಿದ್ಯೆಯೊಂದಿದೆ ಎಂದು ನಮ್ಮ ಊರಿಗೆ ಗೊತ್ತಾದದ್ದು ಅಂದೇ.

ನಾನು ಅವರ ಬಳಿ ಭೂಗೋಳ ಕಲಿತವನು. ಈಗ ಮನಗೂಳಿಯ ಸಾಲೆಯೊಂದರಲ್ಲಿ ಅದೇ ಭೂಗೋಳ ಕಲಿಸುತ್ತೇನೆ. ಶನಿವಾರ ಇಂಡಿಗೆ ಬಂದರೆ ಸಂಜೆಯ ಚಹಾ ಮಾಸ್ತರರ ಜೊತೆ. ಆಗ ತರಗತಿಯ ಹಲಗೆಯ ಮೇಲೆ ಅವರು ಕೈ ಎತ್ತದೆ ಒಂದೇ ಗೆರೆಯಲ್ಲಿ ಹಿಂದುಸ್ತಾನ ಬರೆಯುತ್ತಿದ್ದರು. ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ, ಬಾಣದ ಬುಡಕ್ಕೆ ಪುಟ್ಟದೊಂದು ತುಳಸಿ ದಳ. “ದಿಕ್ಕ ಬರೀದ ನಕಾಶಿ ಅಂದ್ರ ವಿಳಾಸ ಬರೀದ ಕಾಗದ ಇದ್ದಂಗ, ಎಲ್ಲಿಗೂ ಮುಟ್ಟಂಗಿಲ್ಲ” ಎನ್ನುವುದು ಅವರ ಮಾತು.

ಗೋವಾದಿಂದ ಬಂದ ಮೇಲೆ ಹಿಂದುಸ್ತಾನ ಹೋಯಿತು, ಹಡಗು ಬಂತು. ಪ್ರವಚನದ ಜಾಗ ಬೀರಪ್ಪನ ಚಹಾದಂಗಡಿ. ಮಾಸ್ತರರದು ಕಟ್ಟಾ ವೈಷ್ಣವ ಮನೆತನ. ಮೀನು ಎಂದರೆ ಆ ಮನೆಯಲ್ಲಿ ದಶಾವತಾರದ ಮೊದಲನೆಯದು. ಅದಕ್ಕೆ ಎರಡನೆಯ ಉಪಯೋಗವಿದೆ ಎಂಬುದನ್ನು ಅಲ್ಲಿ ಯಾರೂ ಬಾಯಿಬಿಟ್ಟು ಆಡುವಂತಿರಲಿಲ್ಲ. ಹಾಗಾಗಿ ಮೀನುಗಳ ಹೆಸರು ಅವರಿಗೆ ಒಂದೂ ಬಾರದು. ಹೆಸರಿಲ್ಲದ್ದಕ್ಕೆ ತಾವೇ ನಾಮಕರಣ ಮಾಡಿದ್ದರು. ಹಳದಿ ಮೈಗೆ ಕರಿ ಪಟ್ಟೆ ಇದ್ದದ್ದು ಸೊಲ್ಲಾಪುರ ಚಾದರದ ಮೀನು. ಹಡಗಿನ ಮುರುಕು ಕೊಳವೆಯಿಂದ ತಲೆಯಷ್ಟೇ ಹೊರಗೆ ಹಾಕಿ, ಬಾಯಿ ತೆರೆದು ಮುಚ್ಚಿ ಮಾಡುವ ಹಾವಿನಂಥದ್ದು, ಕಿಟಕಿ ಬಿಟ್ಟು ಕದಲದ ಅತ್ತಿಗೆಯ ಲೆಕ್ಕದಲ್ಲಿ, ಕಿಡಕಿ ವೈನಿ. ಮೈತುಂಬ ಗರಿ ಕೆದರಿಕೊಂಡು ಗತ್ತಿನಿಂದ ಓಡಾಡುವುದು ಬೀಗರ ಮೀನು.

“ಅದಕ್ಕ ಅಗದೀ ದಿಮಾಕು” ಎನ್ನುತ್ತಿದ್ದರು. “ಯಾರಿಗೂ ದಾರಿ ಬಿಡಂಗಿಲ್ಲ. ದೂರದಿಂದ ಛಂದ. ಮುಟ್ಟಿದಿರೋ, ವಿಷ!”

ಎಲ್ಲಕ್ಕಿಂತ ದೊಡ್ಡದು ಹೆಡ್‌ಮಾಸ್ತರ ಮೀನು. “ಹಡಗಿನ ಎಂಜಿನ್ ಖೋಲಿ ಅದ ನೋಡ್ರಿ, ಅದರ ಬಾಗಲದಾಗ ನಿಂತಿರ್ತದ. ಕೆಳತುಟಿ ಮುಂದ, ಕಣ್ಣ ಲಿಂಬಿಹಣ್ಣಿನಷ್ಟು. ಬಂದವರನ್ನ ‘ಯಾಕ ತಡಾ ಆತು?’ ಅನ್ನೂ ಹಂಗ ನೋಡ್ತದ. ಹೊರಗ ಬರಂಗಿಲ್ಲ, ಒಳಗ ಬಿಡಂಗಿಲ್ಲ.”

ಇದನ್ನೆಲ್ಲ ಊರು ಕಣ್ಣರಳಿಸಿ ಕೇಳುತ್ತಿತ್ತು. ಒಬ್ಬ ಬೀರಪ್ಪನನ್ನು ಬಿಟ್ಟು. ಅವನು ಅಗರಖೇಡದ ಕುರುಬರ ಮನೆತನದವ, ಭೀಮೆಯಲ್ಲಿ ಎಮ್ಮೆಯ ಬಾಲ ಹಿಡಿದು ಈಜು ಕಲಿತವ. ಚಹಾ ಸೋಸುತ್ತಲೇ ಕೇಳುತ್ತಿದ್ದ: “ಅಲ್ರಿ ಮಾಸ್ತರ್ರ, ಭೀಮಾದಾಗ ಮುಳುಗಿ ಕಣ್ಣ ತೆರದ್ರ ನನ್ನ ಕೈ ನನಗ ಕಾಣಂಗಿಲ್ಲ. ನಿಮಗ ಸಮುದ್ರದಾಗ ಮೀನಿನ ತುಟಿ ಕಂಡ್ವೇನ್ರಿ?”

“ಭೀಮಾ ಬ್ಯಾರೆ, ಸಮುದ್ರ ಬ್ಯಾರೆ ಬೀರಪ್ಪ. ಮಳಿಗಾಲದಾಗ ಅದೂ ರಾಡಿನ. ದೀಪಾವಳಿ ಹೊತ್ತಿಗೆ ನೀರು ತಿಳಿ ಆಗ್ತದ. ಮುಂಜಾನೆ ಗಾಳಿ ಏಳೂದರೊಳಗ ಇಳದ್ರ ಎರಡಾಳಿನಷ್ಟು ದೂರ ಕಾಣಸ್ತದ. ಗಾಳಿ ಎದ್ದಿತೋ, ಮುಗೀತು. ಮಜ್ಜಿಗಿ ಕಡದಂಗ. ಇದಕ್ಕ ವಿಸಿಬಿಲಿಟಿ ಅಂತಾರ.”

ವಿಸಿಬಿಲಿಟಿ! ಆ ಶಬ್ದ ಇಂಡಿಯಲ್ಲಿ ಹುಣಸೆಬೀಜದ ಹಾಗೆ ಮೊಳೆಯಿತು. ಧೂಳು ಎದ್ದರೆ ವಿಸಿಬಿಲಿಟಿ ಇಲ್ಲ, ವರ ಒಪ್ಪಿಗೆಯಾಗದಿದ್ದರೆ ಆ ಮನೆಯವರ ವಿಸಿಬಿಲಿಟಿ ಸರಿಯಿಲ್ಲ.

ನೀರಿನ ಹೆಸರು ಬಂದಲ್ಲೆಲ್ಲ ಮಾಸ್ತರರೇ ತಜ್ಞರಾದರು. ಬೋರಿನಲ್ಲಿ ಮೋಟರ್ ಸಿಕ್ಕಿಕೊಂಡರೆ ಅವರಿಗೆ ಬುಲಾವ್. ನೀರಿನ ಟಾಕಿ ಸೋರಿದರೂ ಅವರೇ. ಸಿಂದಗಿ, ಮುದ್ದೇಬಿಹಾಳಗಳಿಂದ ಭಾಷಣಕ್ಕೆ ಕರೆ ಬರುತ್ತಿತ್ತು. ಒಂದು ಕಡೆ ಶಾಲು ಹೊದಿಸಿ ‘ಸಾಗರ ರತ್ನ’ ಎಂದರು, ಇನ್ನೊಂದು ಕಡೆ ಈಜುಕೊಳ ಉದ್ಘಾಟಿಸಲು ಕರೆದರು. ಕೊಳದಲ್ಲಿ ನೀರು ಬಿಡುವುದು ಮುಂದಿನ ಹಂತದ ಕಾಮಗಾರಿಯೆಂದು ತಿಳಿದುಬಂದದ್ದರಿಂದ, ಮಾಸ್ತರರು ಏಣಿಯಿಂದ ಕೊಳದ ತಳಕ್ಕೆ ಇಳಿದು ರಿಬ್ಬನ್ ಕತ್ತರಿಸಿದರು. ಇಳಿಯುವ ಮುನ್ನ ಮೂಗು ಹಿಡಿಯಲು ಮರೆಯಲಿಲ್ಲ.

ಒಂದು ಊರಿನ ಅಭಿವೃದ್ಧಿ ಸಮಿತಿಯವರಂತೂ ತಮ್ಮ ಕೆರೆಯಲ್ಲಿ ಹಳೆಯ ಬಸ್ಸೊಂದನ್ನು ಮುಳುಗಿಸಿ ಪ್ರವಾಸಿಗರನ್ನು ಇಳಿಸಬಹುದೇ ಎಂದು ವರದಿ ಕೇಳಿದರು. ಮಾಸ್ತರರು ಬೇಸಿಗೆಯಲ್ಲಿ ಸ್ಥಳಕ್ಕೆ ಹೋಗಿ ನೋಡಿ, ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟರು: ‘ಸದರಿ ಕೆರೆಯಲ್ಲಿ ನೀರು ಇಲ್ಲದ ಕಾರಣ ವಿಸಿಬಿಲಿಟಿ ಅತ್ಯುತ್ತಮವಾಗಿದ್ದು, ತಳದವರೆಗೂ ಸ್ವಚ್ಛವಾಗಿ ಕಾಣುತ್ತದೆ. ಜೀವಸಂಪತ್ತು: ಎಮ್ಮೆ ಮೂರು.’ ಸಮಿತಿ ಆ ವರದಿಯನ್ನು ಸರ್ವಾನುಮತದಿಂದ ಅಂಗೀಕರಿಸಿತು.

ಹೀಗೆ ಎಲ್ಲ ನೆಟ್ಟಗೆ ನಡೆದಿದ್ದಾಗ ನಾನು ಕೆಡಿಸಿದೆ. ದೀಪಾವಳಿ ಸೂಟಿಯಲ್ಲಿ ನಮ್ಮ ಸಾಲೆಯ ಶಿಕ್ಷಕರೆಲ್ಲ ಗೋವಾಕ್ಕೆ ಹೋಗುವುದೆಂದು ಗೊತ್ತಾಯಿತು. ಸುದ್ದಿ ಹೇಳಿದ್ದೇ ತಡ, ಬೀರಪ್ಪ ಚಹಾದ ಬೋಗುಣಿ ಕೆಳಗಿಟ್ಟ.

“ಛೊಲೊ ಆತು! ಮಾಸ್ತರ್ರ, ನಿಮ್ಮ ಶಿಷ್ಯ ಹೊಂಟಾರ. ಆ ಹಡಗಿಗೇ ಇಳದು, ಎಂಜಿನ್ ಖೋಲಿ ಬಾಗಲದಾಗ ನಿಮ್ಮ ಹೆಡ್‌ಮಾಸ್ತರ ಅದಾನೋ ಇಲ್ಲೋ ನೋಡ್ಕೊಂಡ ಬರ್ಲಿ. ಇದ್ರ ನಾ ಎಲ್ಲಾರ ಮುಂದ ನಿಮ್ಮ ಕಾಲ ಹಿಡೀತೇನಿ. ಇಲ್ಲಂದ್ರ ನೀವು ಇನ್ನ ಮ್ಯಾಲ ಮೂಗ ಹಿಡೀಬಾರದು. ಏನಂತೀರಿ?”

ಕುಳಿತವರೆಲ್ಲ ಹೋ ಎಂದರು. ಮಾಸ್ತರರು ಮಾತ್ರ ಬಸಿಯಲ್ಲಿದ್ದ ಚಹಾ ನೋಡುತ್ತ ಕುಳಿತಿದ್ದರು. ನಲವತ್ತು ವರ್ಷ ಸಾಲೆಯಲ್ಲಿ ಅವರ ಮಾತಿಗೆ ಎದುರು ಮಾತು ಬಂದದ್ದಿಲ್ಲ. ಈಗ ಅದೆಲ್ಲ ಒಂದು ಮೀನಿನ ತುಟಿಗೆ ಜೋತುಬಿದ್ದಿತ್ತು.

ಮನೆಯತ್ತ ನಡೆಯುವಾಗ ನನ್ನ ತೋಳು ಹಿಡಿದರು. “ಹೋಗಲೇಬೇಕೇನಪಾ? ನಿನ್ನ ಕಿವಿ ಮೊದಲಿಂದ ಸೂಕ್ಷ್ಮ.”

“ಎಲ್ಲಾರೂ ಹೊಂಟಾರ್ರಿ ಸರ್.”

ತೋಳು ಬಿಡದೆಯೇ ಅಂದರು: “ಹಂಗಾರ ಒಂದ ಮಾತ ನೆನಪಿಡು. ನೀರೊಳಗ ಬಾಯಿ ತೆಗೀಬ್ಯಾಡ. ಏನೇ ಆಗಲಿ, ಯಾವ ದೇವರ ನೆನಪಾದ್ರೂ, ತೆಗೀಬ್ಯಾಡ.”

ದೋಣಿಯಲ್ಲಿ ನಮಗೆ ಪಾಠ ಹೇಳಿದವನು ಸದಾನಂದನೆಂದು, ಕಾರವಾರದ ಕಡೆಯವ. ಬಾಯಲ್ಲಿ ಕಚ್ಚಿಕೊಳ್ಳುವ ಉಸಿರಿನ ನಳಿಗೆಯನ್ನು ತೋರಿಸಿ ಅವನು ಹೇಳಿದ: “ನೋಡಿ, ಮೀನು ಕಚ್ಚೂದಿಲ್ಲ, ಹಡಗು ಬೀಳೂದಿಲ್ಲ. ಇಲ್ಲಿ ಅಪಾಯ ಒಂದೇ, ನಿಮ್ಮ ಬಾಯಿ. ಹಿಂದೊಮ್ಮೆ ಒಬ್ಬರು ಅಜ್ಜ ಬಂದಿದ್ದರು ಮಾರಾಯ್ರೆ. ಎಲ್ಲ ಪಾಠ ಕಲಿತರು. ನನಗಿಂತ ಚಂದ ಮೂಗು ಹಿಡಿದು ಕಿವಿ ಬಿಡಿಸಿಕೊಂಡರು. ನೀರಿಗಿಳಿಸಿದೆ. ತಲೆ ಮುಳುಗಿತೋ ಇಲ್ಲವೋ, ಅಜ್ಜ ನಳಿಗೆ ಉಗುಳಿ ಮಂತ್ರ ಶುರು ಮಾಡಿಬಿಟ್ಟರು! ಸ್ನಾನದ ಮಂತ್ರ! ಗಂಗೆ, ಯಮುನೆ, ಎಲ್ಲರನ್ನೂ ಕರೆದರು. ಬಂದದ್ದು ಮಾತ್ರ ಅರಬ್ಬಿ ಸಮುದ್ರ, ಸೀದಾ ಹೊಟ್ಟೆಗೆ.”

ದೋಣಿಗೆ ದೋಣಿಯೇ ನಕ್ಕಿತು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಸದಾನಂದ ಮುಂದುವರಿಸಿದ: “ಎಳೆದು ದೋಣಿಗೆ ಹಾಕಿ, ಯಾಕೆ ಅಜ್ಜ ಹೀಗೆ ಮಾಡಿದಿರಿ ಅಂದರೆ, ‘ಐವತ್ತ ವರ್ಷದ ರೂಢಿಪಾ, ತಲಿ ಮ್ಯಾಲ ನೀರ ಬಿದ್ರ ತಾನ ಬರ್ತದ’ ಅಂದರು. ಅಲ್ಲಿಗೆ ಅವರ ಹಡಗು ಮುಗೀತು.”

ನಾನು ನಗುವುದು ಬಿಟ್ಟು ಮುಂದಕ್ಕೆ ಸರಿದು ಕುಳಿತೆ. ಅಷ್ಟರಲ್ಲಿ ಅವನು ಪ್ಲಾಸ್ಟಿಕ್ ಹೊದಿಸಿದ ಒಂದು ಹಾಳೆ ಎತ್ತಿ ಹಿಡಿದ. ಹಡಗಿನ ನಕಾಶೆ, ಕೈಯಿಂದ ಬರೆದದ್ದು. “ಹಗ್ಗ ಹಿಡಿದು ಐದಾಳಿನಷ್ಟು ಕೆಳಗೆ. ಎಡಕ್ಕೆ ಮುರಿದ ಕೊಳವೆ. ಮುಂದೆ ಎಂಜಿನ್ ಕೋಣೆ…” ನಾನು ಮೂಲೆ ನೋಡಿದೆ. ಉತ್ತರದ ಬಾಣ. ಬಾಣದ ಬುಡಕ್ಕೆ ತುಳಸಿ ದಳ.

ಇಳಿದೆ. ಮೂಗು ಹಿಡಿದು ಊದಿದೆ, ಕಿವಿಯಲ್ಲಿ ‘ಟಿಕ್’ ಎಂದಿತು. ನೀರು ಹಸಿರು, ಎರಡಾಳಿನಾಚೆ ಮಂಜು. ಅಲೆ ಮೇಲೆ ಹೋದರೂ ಅದರ ತೂಗು ಕೆಳಗೆ ಗೊತ್ತಾಗುತ್ತಿತ್ತು. ನಾನೂ ಮೀನುಗಳೂ ಒಂದೇ ತೊಟ್ಟಿಲಲ್ಲಿ ಇದ್ದ ಹಾಗೆ ಹಿಂದೆ ಮುಂದೆ. ಕಬ್ಬಿಣದ ತಗಡುಗಳ ಮೇಲೆಲ್ಲ ಚಿಪ್ಪು ಬೆಳೆದು, ಹಡಗೋ ಬಂಡೆಯೋ ತಿಳಿಯದಂತಾಗಿತ್ತು. ಸೊಲ್ಲಾಪುರ ಚಾದರಗಳು ಹಿಂಡಾಗಿ ಮುಖದ ಮುಂದೆಯೇ ಹಾದುಹೋದವು. ಕೊಳವೆಯಲ್ಲಿ ಕಿಡಕಿ ವೈನಿ ಯಾರ ಮೇಲೋ ಚಾಡಿ ಹೇಳುತ್ತಿದ್ದಳು. ಎಂಜಿನ್ ಕೋಣೆಯ ಮುರುಕು ಬಾಗಿಲಲ್ಲಿ, ಕೆಳತುಟಿ ಮುಂದೆ ಮಾಡಿಕೊಂಡು, ಅವನಿದ್ದ. ಯಾಕೆ ತಡವಾಯಿತು ಎಂದು ನೋಡಿದ. ನನಗೆ ಗೊತ್ತಿಲ್ಲದೆ ಕೈಮುಗಿದೆ. ಬಾಯಿ ಮಾತ್ರ ತೆಗೆಯಲಿಲ್ಲ.

ಮೇಲೆ ಬಂದು ಸದಾನಂದನನ್ನು ಕೇಳಿದೆ: “ಆ ಅಜ್ಜ ಆಮೇಲೆ ಏನು ಮಾಡಿದರು?”

“ಏನು ಮಾಡೂದು? ಟಾವೆಲ್ ಹೊದ್ದು ಮೂಲೆಯಲ್ಲಿ ಕೂತರು. ಚೀಲದಿಂದ ಒಂದು ನೋಟ್‌ಬುಕ್ ತೆಗೆದರು. ಮೇಲೆ ಬಂದವರನ್ನೆಲ್ಲ ಹಿಡಿದು, ಏನು ನೋಡಿದ್ರಿ, ಎಡಕ್ಕೋ ಬಲಕ್ಕೋ, ಎಷ್ಟು ಮೊಳ, ಯಾವ ಬಣ್ಣ… ನನ್ನನ್ನೂ ಬಿಡಲಿಲ್ಲ. ದಂಡೆ ಮುಟ್ಟುವ ಹೊತ್ತಿಗೆ ಈ ನಕಾಶೆ ಬರೆದು ಕೈಗಿಟ್ಟರು. ಹತ್ತು ವರ್ಷ ಇಲ್ಲಿ ಇಳಿದವ ನಾನು, ಹಡಗು ಪೂರ್ತಿ ಹೇಗಿದೆ ಅಂತ ನನಗೆ ತಿಳಿದದ್ದು ಅವತ್ತು.”

ಶನಿವಾರ ಸಂಜೆ ಬೀರಪ್ಪನ ಅಂಗಡಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಮಾಸ್ತರರು ಗೋಪಿಚಂದನ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಫಲಿತಾಂಶಕ್ಕೆ ಬಂದ ವಿದ್ಯಾರ್ಥಿಯ ಹಾಗೆ ಬೆಂಚಿನ ತುದಿಗೆ ಕುಳಿತಿದ್ದರು. ನನ್ನ ಮುಖ ನೋಡಿದ್ದೇ ಅವರಿಗೆ ಗೊತ್ತಾಯಿತು, ನನಗೆ ಗೊತ್ತಾಗಿದೆಯೆಂದು.

“ಹೇಳ್ರೀಪಾ” ಎಂದ ಬೀರಪ್ಪ. “ಹೆಡ್‌ಮಾಸ್ತರ ಅದಾನೋ, ರಜಾ ಹಾಕ್ಯಾನೋ?”

“ಅದಾನ ಬೀರಪ್ಪ. ಅದ ಬಾಗಲಾ, ಅದ ತುಟಿ. ಸರ್ ಹೇಳಿದ್ದರಾಗ ಒಂದ ಗುಂಜಿ ಹೆಚ್ಚಿಲ್ಲ, ಒಂದ ಗುಂಜಿ ಕಮ್ಮಿಲ್ಲ.”

ಬೀರಪ್ಪ ಮಾತಿನ ಮನುಷ್ಯ. ಹೆಗಲ ಮೇಲಿನ ಟಾವೆಲ್ ತೆಗೆದು ಎಲ್ಲರ ಮುಂದೆ ಮಾಸ್ತರರ ಕಾಲು ಮುಟ್ಟಿದ. “ತಪ್ಪಾತ್ರೀ ಯಪ್ಪಾ. ಭೀಮಾದ ನೀರಿನ್ಯಾಗ ಸಮುದ್ರ ಅಳ್ಯಾಕ ಹೋಗಿದ್ದೆ.” ಮಾಸ್ತರರು ಅವನ ತಲೆಯ ಮೇಲೆ ಕೈಯಿಟ್ಟು, ನನ್ನನ್ನು ನೋಡುತ್ತಿದ್ದರು.

ಮನೆಯ ದಾರಿಯಲ್ಲಿ ಕೇಳಿದರು: “ಆ ಮಂತ್ರದ ಮಾತು ಅಂವಾ ಇನ್ನೂ ಹೇಳ್ತಾನೇನು?”

“ದಿನಾ ಹೇಳ್ತಾರಂತ್ರಿ.”

“ಹೇಳ್ಲಿ. ನಾಕ ಮಂದಿ ಬಾಯಿ ಮುಚಗೊಂಡ ಇಳೀತಾರ.” ಆಮೇಲೆ, ನನ್ನ ಕಡೆ ತಿರುಗದೆಯೇ: “ನಲವತ್ತ ವರ್ಷ ಹಿಮಾಲಯ ಕಲಿಸಿದೆ. ಹತ್ತಿ ನೋಡೀರೇನಂತ ಒಬ್ಬಾಂವ ಕೇಳ್ಲಿಲ್ಲ. ಒಂದ ಹಡಗ ಕಲಿಸೂದರಾಗ ಎಷ್ಟ ತ್ರಾಸ ನೋಡು!” ಮನೆಯ ಮೆಟ್ಟಿಲ ಬಳಿ ಜೇಬಿನಿಂದ ಅದೇ ನೋಟ್‌ಬುಕ್ ಹೊರಬಂತು. “ಎಲ್ಲಾರೂ ಕಂಡದ್ದ ಹೇಳಿದ್ರು. ಕೇಳಿದ್ದ ಯಾರೂ ಹೇಳ್ಲಿಲ್ಲ. ಕೆಳಗ ಸಪ್ಪಳ ಹೆಂಗಿರ್ತದಪಾ?”

ನಾನು ಯೋಚಿಸಿದೆ. “ಒಗ್ಗರಣಿ ಸಪ್ಪಳ್ರಿ ಸರ್. ಎಣ್ಣ್ಯಾಗ ಸಾಸಿವಿ ಸಿಡದಂಗ, ಸುತ್ತಲೂ, ಸಣ್ಣಗ. ಸೀಗಡಿ ಮಾಡತಾವಂತ ಅಂದ್ರು.”

“ಒಗ್ಗರಣಿ!” ಮಾಸ್ತರರ ಮುಖ ಅರಳಿತು. “ಅಷ್ಟ ನೀರಿನ್ಯಾಗ!” ಬರೆದುಕೊಂಡರು.

ಮರುವರ್ಷ ಬೇಸಿಗೆಗೆ ಮಾಸ್ತರರು ತೀರಿಕೊಂಡರು. ಅವರ ಮಗ ನೋಟ್‌ಬುಕ್ ತಂದು ನನಗೆ ಕೊಟ್ಟ. ಪ್ರತಿ ಸಾಲಿನ ಮುಂದೆ ಹೇಳಿದವರ ಗುರುತು: ‘ಪುಣೆಯ ದಂಪತಿ’, ‘ಹುಬ್ಬಳ್ಳಿಯ ಡಾಕ್ಟರು’, ‘ಸದಾನಂದ’. ಕೊನೆಯ ಸಾಲು, ‘ಸಪ್ಪಳ: ಒಗ್ಗರಣೆ (ನನ್ನ ಶಿಷ್ಯ)’. ಮೊದಲ ಪುಟಕ್ಕೆ ಮಾತ್ರ ‘ಸ್ವತಃ ಅನುಭವಿಸಿದ್ದು’ ಎಂಬ ತಲೆಬರಹ. ಅದರ ಕೆಳಗೆ ಒಂದೇ ಸಾಲು: ‘ನೀರು ಉಪ್ಪಾಗಿದೆ. ಖಚಿತ.’

ಬೀರಪ್ಪನಿಗೆ ಓದುವ ಚಟವಿಲ್ಲವೆಂಬ ಧೈರ್ಯದ ಮೇಲೆ ಇದನ್ನೆಲ್ಲ ಬರೆದಿದ್ದೇನೆ. ಈಗ ಅವನ ಅಂಗಡಿಯಲ್ಲಿ ಹಡಗಿನ ಕಥೆ ಹೇಳುವವನು ಅವನೇ. ಹೋದ ಶನಿವಾರ ನನ್ನಿಂದ ಆ ನೋಟ್‌ಬುಕ್ ಓದಿಸಿದ. ಹೇಳಿದವರ ಗುರುತುಗಳನ್ನು ನುಂಗಿಕೊಂಡೇ ಓದಿದೆ. ಮೊದಲ ಹಾಳೆ ಮಗುಚಿ ಎರಡನೆಯದರಿಂದ ಶುರುಮಾಡಿದ್ದು ಅವನ ಕಣ್ಣಿಗೆ ಬಿತ್ತು.

“ಅದನ್ಯಾಕ ಬಿಟ್ರಿ?”

“ಅದರಾಗ ಏನಿಲ್ಲ ಬೀರಪ್ಪ. ನೀರ ಉಪ್ಪೈತಿ ಅಂತ ಬರದಾರ, ಅಷ್ಟ.”

ಬೀರಪ್ಪ ಅಂಗಡಿಯ ತುಂಬ ಕುಳಿತವರನ್ನೆಲ್ಲ ಒಮ್ಮೆ ನೋಡಿದ. “ಕೇಳಿದ್ರೇನು?” ಎಂದ. “ಒಳಗ ಇಳದವರಿಗಷ್ಟ ಗೊತ್ತಾಗೂ ಮಾತು.” ಆಮೇಲೆ ಹಾಲಿನ ಡಬ್ಬಿ ತರಲೆಂದು ಅಂಗಡಿಯ ಎರಡು ಮೆಟ್ಟಿಲು ಇಳಿಯುವ ಮುನ್ನ ನಿಂತು, ಮೂಗು ಹಿಡಿದು, ಗಲ್ಲ ಉಬ್ಬಿಸಿದ.