ಅಪ್ಪ ಆರಿಸಿದ ಎರಡಿಂಚಿನ ವಾಲ್ವು

ಆಂಧ್ರದ ಗಡಿಯಲ್ಲಿ, ರೊಳ್ಳದ ಹತ್ತಿರದ ನನ್ನ ಅತ್ತೆಮನೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆದವರು ಕಡಿಮೆ. ಒಳ್ಳೆಯ ದಿನಗಳಲ್ಲಿ ನಾನು 'ರಾಯದುರ್ಗದೋಳು', ಕೆಟ್ಟ ದಿನಗಳಲ್ಲಿ 'ಪೈಪಿನಂಗಡಿಯೋಳು'. ಅಪ್ಪನಿಗೆ ರಾಯದುರ್ಗದಲ್ಲಿ ಪಂಪು, ಪೈಪುಗಳ ಅಂಗಡಿ. ನಾನು ಶಾಲೆ ಬಿಟ್ಟ ಕೂಡಲೇ ಅಲ್ಲಿಗೆ ಹೋಗಿ ಕೂತು ಬೆಳೆದವಳು. ಯಾವ ಜೋಡಣೆಗೆ ಯಾವ ರಬ್ಬರು ಎಂಬುದು ನನಗೆ ಸೊಪ್ಪು ಸೋಸಿದಷ್ಟು ಸಲೀಸು. ಅದು ಆ ಮನೆಯವರಿಗೆ ಹಿಡಿಸಲಿಲ್ಲ. ಅವರಾದರೂ ನನಗೆ ಹಿಡಿಸಿದ್ದರೆ ತಾನೆ.

ನಮ್ಮ ಹಿಪ್ಪುನೇರಳೆ ತೋಟ ಗುಡ್ಡದ ಇಳಿಜಾರಿನಲ್ಲಿದೆ. ಬೋರ್‌ವೆಲ್ ನೀರು ಗುಡ್ಡದ ಮೇಲಿನ ತೊಟ್ಟಿಗೆ ಏರಿ, ಅಲ್ಲಿಂದ ಹನಿ ನೀರಾವರಿ ಪೈಪುಗಳಿಗೆ ಇಳಿಯುತ್ತದೆ. ತೋಟದ ಕೆಳಗಿನ ಪಾಲಿಗೆ ಬರುವ ಹೊತ್ತಿಗೆ ನೀರಿಗೆ ಎಷ್ಟು ಒತ್ತಡವೆಂದರೆ ವಾರಕ್ಕೊಮ್ಮೆ ಜೋಡಣೆ ಕಿತ್ತು ಹಾರುತ್ತಿತ್ತು. ಅದನ್ನು ತಗ್ಗಿಸಲು ಪ್ರೆಷರ್ ವಾಲ್ವು ಹಾಕಬೇಕೆಂದು ಹೇಳಿದವಳು ನಾನೇ. ಮನೆಯ ಯಜಮಾನಿಕೆ ಭಾವನದು, ಅಂದರೆ ಗಂಡನ ಅಣ್ಣನದು. ಗಂಡ ಅಣ್ಣನ ಮಾತಿಗೆ ತಲೆಯಾಡಿಸುವುದನ್ನೇ ಒಂದು ಕಸುಬು ಮಾಡಿಕೊಂಡಿದ್ದ. ಕಡೆಗೆ ಭಾವ ನನ್ನನ್ನೂ ಕರೆದುಕೊಂಡು ಅಪ್ಪನ ಅಂಗಡಿಗೆ ಹೊರಟರು.

"ಪೈಪು ಮೂರಿಂಚು. ವಾಲ್ವೂ ಮೂರಿಂಚಿಂದೇ ಕೊಡಿ ಬೀಗ್ರೆ" ಅಂದರು ಭಾವ.

"ಪೈಪ್ ನೋಡಿ ವಾಲ್ವ್ ತಗೋಬಾರ್ದ್ರಿ, ಹರಿಯೋ ನೀರು ನೋಡಿ ತಗೋಬೇಕು" ಅಂದ ಅಪ್ಪ. "ಒಂದ ಪಾಲಿಗೆ ಬಿಟ್ಟಾಗ ಎಷ್ಟು ನೀರು ಹೋಗ್ತದ, ಎಲ್ಲಾ ಪಾಲಿಗೂ ಬಿಟ್ಟಾಗ ಎಷ್ಟು, ಹೇಳ್ರಿ."

ಭಾವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಬಿಂದಿಗೆ ಹಿಡಿದು ಅಳೆದಿದ್ದೆ, ಹೇಳಿದೆ. ಅಷ್ಟಕ್ಕೇ ಅವರ ಮುಖ ಹುಳಿ ಕುಡಿದಂತಾಯಿತು. ಅಪ್ಪ ಲೆಕ್ಕ ಹಾಕಿ, ಎರಡಿಂಚು ಸಾಕೆಂದ. "ದೊಡ್ಡದು ಹಾಕಿದ್ರ ಕೂದಲೆಳಿಯಷ್ಟ ತೆರಕೊಂಡು ನಡುಗ್ತದ್ರಿ. ನಡುಗಿ ನಡುಗಿ ಒಳಗ ಮುಚ್ಚಳ ಕೂಡೋ ಸೀಟು ಸವೀತದ." ಭಾವ ತಲೆಯಾಡಿಸಿ ಎರಡಿಂಚಿನದನ್ನೇ ತಂದರು. ಬಸ್ಸು ಹತ್ತಿದ ಮೇಲೆ ಮಾತ್ರ, "ಮಗಳ ಮನೆಗೆ ಸಣ್ಣದನ್ನ ದಾಟಿಸ್ದ ನಿಮ್ಮಪ್ಪ" ಅಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು ಅಪ್ಪನ ಪಾಠ.

ಕೂರಿಸಲು ಅಪ್ಪನೇ ಬಂದ. ವಾಲ್ವಿನ ಮೈಮೇಲಿನ ಬಾಣದ ಗುರುತು ನೀರು ಹರಿಯುವ ಕಡೆಗೇ ಇರಬೇಕು, ನೀರು ಒಳಬರುವ ಕಡೆ ಕಸ ತಡೆಯುವ ಜಾಲರಿ ಇರಬೇಕು, ಆಚೆಗೊಂದು ಈಚೆಗೊಂದು ಪ್ರೆಷರ್ ತೋರಿಸುವ ಮೀಟರು ಇರಬೇಕು. ಸುತ್ತ ಇಟ್ಟಿಗೆ ಗುಂಡಿ ಕಟ್ಟಿಸಿ ಮೇಲೆ ಕಬ್ಬಿಣದ ಮುಚ್ಚಳ ಹಾಕಿಸಿದ. ನೀರು ಹರಿಯುತ್ತಿರುವಾಗಲೇ ತಿರುಪನ್ನು ಕಾಲು ಸುತ್ತು ತಿರುಗಿಸುವುದು, ಮೀಟರಿನ ಮುಳ್ಳು ನಿಲ್ಲುವವರೆಗೆ ಕಾಯುವುದು, ಮತ್ತೆ ಕಾಲು ಸುತ್ತು. ಮುಗಿಸಿದ ಮೇಲೆ ವಾಲ್ವಿನ ತಲೆಯ ಮೇಲಿನ ಸಣ್ಣ ತೂತು ತೋರಿಸಿದ.

"ಇಲ್ಲಿ ನೀರು ತೊಟ್ಟಿಕ್ಕಿತಂದ್ರ ಒಳಗಿನ ರಬ್ಬರ್ ಹರದದ ಅಂತ ತಿಳಿ. ನನಗ ಫೋನ್ ಹಚ್ಚು. ತೂತು ಮಾತ್ರ ಮುಚ್ಚಬ್ಯಾಡವ್ವ. ಮುಚ್ಚಿದ್ರ ರಬ್ಬರಿನ ಮ್ಯಾಲೂ ಕೆಳಗೂ ನೀರು ಒಂದ ಸಮ ಒತ್ತತದ, ಸ್ಪ್ರಿಂಗಿಗೆ ಎದುರಿಲ್ಲದಂಗಾಗಿ ವಾಲ್ವು ಪೂರಾ ತೆರಕೊಂಡುಬಿಡ್ತದ."

ಎರಡು ವರ್ಷ ಒಂದು ಜೋಡಣೆಯೂ ಹಾರಲಿಲ್ಲ. ವಾರಕ್ಕೊಮ್ಮೆ ಜಾಲರಿ ಬಿಚ್ಚಿ ತೊಳೆಯುತ್ತಿದ್ದವಳು ನಾನು, ಬೆಳಿಗ್ಗೆ ಎದ್ದು ಮುಳ್ಳು ನೋಡುತ್ತಿದ್ದವಳು ನಾನು. ಒಳ್ಳೆಯ ಮಾತು ಯಾರ ಬಾಯಿಂದಲೂ ಬರಲಿಲ್ಲ. ಬರುತ್ತದೆಂದು ಕಾಯುವಷ್ಟು ದಡ್ಡಿಯೂ ನಾನಲ್ಲ.

ಮೂರನೇ ವರ್ಷ ತೂತಿನಿಂದ ನೀರು ತೊಟ್ಟಿಕ್ಕತೊಡಗಿತು. ಸೊಪ್ಪು ಕೊಯ್ಯಲು ಹೋದ ಅತ್ತೆ ನನಗಿಂತ ಮೊದಲು ನೋಡಿದರು.

"ನಿಮ್ಮಪ್ಪ ಕೊಟ್ಟಿದ್ದು ಸೋರ್ತೈತೆ ಕಣಮ್ಮಿ. ನೀರು ತೊಟ್ಟಿಕ್ಕೋ ಕಡೆ ಲಕ್ಷ್ಮಿ ನಿಲ್ತಾಳಾ?"

ಒಂದು ಸಲ ಅಂದು ಸುಮ್ಮನಾಗುವ ಬಾಯಲ್ಲ ಅದು. ಹಾಲು ಕರೆಯುವಾಗ ಲಕ್ಷ್ಮಿ, ಹಸಿಟ್ಟು ಜರಡಿ ಹಿಡಿಯುವಾಗ ಲಕ್ಷ್ಮಿ. ಕೂಲಿ ಹೆಂಗಸರ ಮುಂದೆ ಕನ್ನಡದಲ್ಲಿ ಹೇಳಿ ಸಾಲದೆ, ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ತೆಲುಗಿನಲ್ಲೂ ಹೇಳಿದರು. "ಅಗ್ಗದ ಮಾಲು ಮಗಳ ತಲೆಗೆ ಕಟ್ಟವ್ನೆ." ನನ್ನನ್ನು ಏನಂದರೂ ನುಂಗುತ್ತಿದ್ದೆ. ಅಪ್ಪನನ್ನು ಅಂದಾಗ ಮೈಯೆಲ್ಲ ಉರಿಯುತ್ತಿತ್ತು. ಅಂಗಡಿಯವನಿಗೆ ಮಾತೇ ಬಂಡವಾಳ, ಆ ಮನೆಯಲ್ಲಿ ಅಪ್ಪನ ಮಾತಿಗೆ ಮಣ್ಣು ಬೀಳುವುದನ್ನು ನಾನು ನೋಡಲಾರದವಳಾಗಿದ್ದೆ.

ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಮಾಡಲಿಲ್ಲ. ಅಪ್ಪ ಸಾಮಾನಿನ ಚೀಲ ಹಿಡಿದು ಅಂಗಳಕ್ಕೆ ಬಂದರೆ ಇವರು ಸಾಲಾಗಿ ನಿಂತು ನಗುತ್ತಾರೆ ಎಂಬುದೊಂದೇ ಕಣ್ಣ ಮುಂದೆ. ಪೈಪಿಗೆ ಹಚ್ಚುವ ಸೀಲ್ ಮೇಣ ಕಲಸಿದೆ, ತೂತನ್ನು ಬಟ್ಟೆಯಿಂದ ಒರೆಸಿದೆ, ಒತ್ತಿ ತುಂಬಿ, ಹೆಬ್ಬೆರಳು ಒದ್ದೆ ಮಾಡಿ ಸವರಿದೆ. ಗೊತ್ತಿದ್ದೂ ಮಾಡಿದೆ. ನಾಲ್ಕು ದಿನ ಅವರ ಬಾಯಿ ಮುಚ್ಚಲಿ, ಆಮೇಲೆ ಗುಟ್ಟಾಗಿ ರಬ್ಬರು ತರಿಸೋಣ ಅಂದುಕೊಂಡೆ. "ನೋಡಿ, ನಿಂತಿತು" ಎಂದು ಅತ್ತೆಗೆ ಹೇಳಿದೆ. ಮೇಣದ ಸುದ್ದಿ ಯಾರಿಗೂ ಹೇಳಲಿಲ್ಲ.

ನಾಲ್ಕು ದಿನ ಸಿಗಲಿಲ್ಲ. ಮೂರನೆಯ ಬೆಳಿಗ್ಗೆ ಕೆಳಗಿನ ಪಾಲಿನಲ್ಲಿ ಒಂದರ ಹಿಂದೊಂದು ಜೋಡಣೆ ಕಿತ್ತವು. ನೀರು ಆಳೆತ್ತರ ಚಿಮ್ಮಿ ಸೊಪ್ಪಿಗೆಲ್ಲ ಕೆಸರು ಎರಚಿತು. ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕಡೆಯ ನಿದ್ದೆ, ಮುಗಿಸಿ ಎದ್ದು ಹಗಲೂ ರಾತ್ರಿ ತಿನ್ನುವ ಹೊತ್ತು, ಕೆಸರು ಮೆತ್ತಿದ ಒದ್ದೆ ಸೊಪ್ಪು ಹಾಕಿದರೆ ರೋಗ. ಊರಲ್ಲಿ ಅವರಿವರ ತೋಟದಿಂದ ಸೊಪ್ಪು ಬೇಡಿ ತಂದು ಹುಳು ಉಳಿಸಿಕೊಂಡೆವು. ಭಾವ ಮೇಲಿನ ನೀರು ನಿಲ್ಲಿಸಿ, ಗುಂಡಿಯ ಮುಚ್ಚಳಕ್ಕೆ ಬೀಗ ಜಡಿದು, ಅಪ್ಪನಿಗೆ ತಾವೇ ಫೋನು ಮಾಡಿದರು. "ಬಂದು ನಾಲ್ಕು ಜನದ ಮುಂದೆ ಬಿಚ್ಚಲಿ" ಅಂದರು. ಬೀಗದ ಕೈ ಅವರ ಉಡಿದಾರದಲ್ಲಿತ್ತು.

ಅಪ್ಪ ಮಾರನೆಯ ದಿನ ಬಸ್ಸು ಬದಲಿಸಿ ಬದಲಿಸಿ ಬಂದ. ಗುಂಡಿಯ ಸುತ್ತ ಭಾವ, ಅತ್ತೆ, ಗಂಡ, ಪಕ್ಕದ ತೋಟದವರಿಬ್ಬರು. ಭಾವ ಬೀಗ ತೆಗೆದರು, ಅಪ್ಪ ಬಗ್ಗಿ ನೋಡಿದ. ಕಲ್ಲಾಗಿದ್ದ ಮೇಣದ ಮೇಲೆ ಅವನ ಬೆರಳು ಆಡಿತು. ಅಲ್ಲಿ ನನ್ನ ಹೆಬ್ಬೆರಳಿನ ಅಚ್ಚು ಹಾಗೇ ಇತ್ತು.

"ಮೂರಿಂಚು ಕೊಡಿ ಅಂತ ಬಡ್ಕಂಡೆ. ಈಗೇನಂತೀರಾ ಬೀಗ್ರೆ?" ಅಂದರು ಭಾವ.

ಮುಚ್ಚಿದ್ದು ನಾನು. ಎರಡೇ ಮಾತು. ಆಡಿದ್ದರೆ ಅಪ್ಪನ ಮೇಲಿನ ಮಾತೆಲ್ಲ ಆ ಕ್ಷಣವೇ ಅಳಿಸಿಹೋಗುತ್ತಿತ್ತು. ಆಮೇಲೆ ಆ ಮನೆಯಲ್ಲಿ ನನ್ನ ಗತಿ ಏನೆಂದು ನನಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಅಪ್ಪ ತಲೆ ಎತ್ತಿ ನನ್ನನ್ನು ಒಂದು ಸಲ ನೋಡಿದ.

"ರಬ್ಬರು ಹಳೇದಿತ್ರಿ ಬೀಗ್ರ. ಅಂಗಡ್ಯಾಗ ಭಾಳ ದಿನ ಬಿದ್ದಿದ್ದು. ನೋಡಿ ಕೊಡಬೇಕಿತ್ತು. ತಪ್ಪು ನಂದ."

ಹಳೆಯ ರಬ್ಬರು ಮಾರುವುದಿರಲಿ, ಯಾರಾದರೂ ತಿಪ್ಪೆಯಿಂದ ಆಯ್ದು ಬಳಸಿಯಾರು ಎಂದು ಕತ್ತರಿಯಿಂದ ತುಂಡು ಮಾಡಿ ಎಸೆಯುತ್ತಿದ್ದ ಮನುಷ್ಯ ಅವನು. ಮೇಣವನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ ಜೇಬಿಗೆ ಹಾಕಿಕೊಂಡ. ಹೊಸ ರಬ್ಬರು ಕೂರಿಸಿ, ನೀರು ಬಿಡಿಸಿ, ಮುಳ್ಳು ಸರಿಯಾಗಿ ನಿಲ್ಲುವವರೆಗೆ ಬಿಸಿಲಲ್ಲೇ ಕೂತಿದ್ದ. ಊಟಕ್ಕೆ ಏಳ್ರಿ ಎಂದು ಯಾರೂ ಒತ್ತಾಯ ಮಾಡಲಿಲ್ಲ, ಅವನೂ ಒಂದು ಲೋಟ ಮಜ್ಜಿಗೆ ಕುಡಿದು ಹೊರಟ.

ಬಸ್ಸಿನ ತನಕ ಜೊತೆಗೆ ಹೋದೆ. "ಅಪ್ಪಾ" ಅಂದೆ.

"ಬಸ್ ಬಂತವ್ವ" ಅಂದು ಹತ್ತಿದ.

ಸಂಜೆ ಊಟಕ್ಕೆ ಕೂತಾಗ ಭಾವ ಬಹಳ ಖುಷಿಯಲ್ಲಿದ್ದರು. "ಹಳೇ ಮಾಲು ಅಂತ ಅವ್ರೇ ಬಾಯ್ಬಿಟ್ರಲ್ಲ. ಹೆಣ್ಣು ಕೊಟ್ಟ ಮನೆಗೇ ಹಿಂಗಾದ್ರೆ ಬೇರೆಯೋರಿಗೆ ಇನ್ನೆಂಗೋ." ಅತ್ತೆ ನಕ್ಕರು. ಗಂಡ ತಲೆಯಾಡಿಸಿದ. ಭಾವ ತಟ್ಟೆ ಮುಂದೆ ತಳ್ಳಿ, "ಇನ್ನೊಂದು ಮುದ್ದೆ ಹಾಕಮ್ಮ" ಅಂದರು. ಹಾಕಿದೆ. ಮೇಲೆ ಸಾರನ್ನೂ ಬಿಟ್ಟೆ.