ಕಿಟಕಿ ಕಡೆ ನಿಲ್ಲಿಸುವ ಮೇಡಂ

ಒಬ್ಬ ಮನುಷ್ಯನ ಅನ್ನ ಕಿತ್ತುಕೊಳ್ಳಲು ಸಾಕ್ಷಿ ಬೇಕಾಗಿಲ್ಲ, ನಾಲ್ಕು ಜನ ತಲೆಯಾಡಿಸಿದರೆ ಸಾಕು. ಇದು ನಿಮಗೆ ಗೊತ್ತಿರುವ ವಿಷಯ. ಆ ನಾಲ್ಕರಲ್ಲಿ ಒಮ್ಮೆಯಾದರೂ ನಿಮ್ಮ ತಲೆಯೂ ಆಡಿದೆ. ಎತ್ತು ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಎತ್ತು ಹೇಗೆ ಈಯುತ್ತದೆ ಎಂದು ಕೇಳಿದವರಿಗೆ ತಲೆಹರಟೆ ಎಂದು ಬಿರುದು ಕೊಡುತ್ತೇವೆ.

ಹಾಗೆ ಕೇಳುವುದನ್ನೇ ಮಕ್ಕಳಿಗೆ ಕಲಿಸುವ ಒಬ್ಬ ಮೇಡಂ ಇದ್ದಾರೆ. ಹಾರ್ಡ್‌ವೇರ್ ಅಂಗಡಿಗೂ ಸೈಕಲ್ ಶಾಪಿಗೂ ನಡುವೆ ಸಿಕ್ಕಿಕೊಂಡಂತಿರುವ ಶಾಲೆ ಅವರದು. ಎಂಟನೇ ತರಗತಿ ಮೇಲಿನ ಮಹಡಿಯಲ್ಲಿದೆ. ಕೋಣೆಯ ಒಂದು ಕಡೆ ಉದ್ದಕ್ಕೂ ಕಿಟಕಿ, ಕೆಳಗೆ ಶಾಲೆಯ ಬಸ್ಸು ನಿಲ್ಲುವ ಅಂಗಳ. ಇನ್ನೊಂದು ಕಡೆ ಬರೀ ಗೋಡೆ, ಎಣ್ಣೆ ತಲೆಗಳು ಒರಗಿ ಒರಗಿ ಕಲೆಯಾದದ್ದು. ಮೇಡಂಗೆ ಪಾಠ ಮಾಡಲು ಇವೆರಡೇ ಸಾಕು. ಒಬ್ಬೊಬ್ಬರೇ ಎದ್ದು ಒಂದು ಮಾತು ಹೇಳಬೇಕು. ಹೋಗಿ ನೋಡಿ ಪರೀಕ್ಷಿಸಬಹುದಾದ ಮಾತಾದರೆ ಕಿಟಕಿ ಕಡೆ ನಿಲ್ಲಬೇಕು. ಬರೀ ಅನಿಸಿದ್ದಾದರೆ ಗೋಡೆ ಕಡೆ. “ಕಿಟಕೀಲಿ ನೋಡಬಹುದು, ಗೋಡೆಗೆ ಒರಗಬಹುದು ಅಷ್ಟೇ” ಎನ್ನುತ್ತಾರೆ.

ಒಮ್ಮೆ ಒಬ್ಬ ಹುಡುಗ ಎದ್ದು, “ನಮ್ಮ ಮೇಡಂ ತುಂಬಾ ಚೆನ್ನಾಗಿ ಪಾಠ ಮಾಡ್ತಾರೆ” ಎಂದ.

“ಗೋಡೆ.”

“ಮೇಡಂ, ಹೊಗಳಿದ್ದಕ್ಕೂ ಗೋಡೆನಾ?”

“ಕೇಳಿ ಖುಷಿಯಾಯ್ತು ಕಣೋ. ಆದ್ರೂ ಗೋಡೆನೇ. ಹೋಗು.”

ಮಕ್ಕಳು ಅವರಿಗೆ ಇಟ್ಟ ಹೆಸರು ಕಿಟಕಿ ಮೇಡಂ. ಬೇರೆ ಶಾಲೆಗಳಲ್ಲಿ ಚರ್ಚಾಸ್ಪರ್ಧೆ ಎಂದರೆ ಏನು ನಡೆಯುತ್ತದೆ ಎಂಬುದು ನಿಮಗೆ ಗೊತ್ತು. ಯಾರೋ ಬರೆದುಕೊಟ್ಟದ್ದನ್ನು ಉರು ಹೊಡೆದು, ಮುಷ್ಟಿ ಬಿಗಿದು, ಗಂಟಲು ಹರಿಯುವ ಹಾಗೆ ಕಿರುಚಿದವರಿಗೆ ಕಪ್ಪು ಕೊಡುತ್ತಾರೆ. ಗಿಳಿಗೆ ಕೋಪ ಬರಿಸುವುದನ್ನು ನಾವು ವಾದ ಎಂದು ಕರೆಯುತ್ತೇವೆ. ಮೇಡಂ ಕ್ಲಾಸಿನಲ್ಲಿ ವಾದಕ್ಕೆ ನಿಲ್ಲುವ ಮೊದಲು ಎದುರಾಳಿಯ ಮಾತನ್ನು ಅವರಿಗಿಂತ ಚೆನ್ನಾಗಿ ಹೇಳಬೇಕು. “ಹೌದು, ನಾನು ಹೇಳಬೇಕು ಅಂದಿದ್ದು ಇದೇ” ಎಂದು ಅವರು ಒಪ್ಪಬೇಕು. ಆಮೇಲಷ್ಟೇ ನಿಮ್ಮ ಸರದಿ. ಎಷ್ಟೋ ಜಗಳ ಅಲ್ಲಿಗೇ ತಣ್ಣಗಾಗುತ್ತವೆ.

ಈ ಗುಣದಿಂದ ಅವರಿಗೆ ಸುಖವೇನೂ ಸಿಕ್ಕಿಲ್ಲ. ಓಣಿಯ ಹೆಂಗಸರು ಅವರು ಬಂದರೆ ಮಾತು ಬದಲಿಸುತ್ತಾರೆ. ಗಂಡ ಪ್ರೆಸ್ಸಿನಲ್ಲಿ ಅಚ್ಚು ಜೋಡಿಸುವವರು, ತಮಾಷೆಯ ಮನುಷ್ಯ. “ನಿನ್ನ ಅಡುಗೆ ಚೆನ್ನಾಗಿಲ್ಲ ಅಂದ್ರೆ ನಾನು ಗೋಡೆ ಕಡೆ. ಉಪ್ಪು ಹಾಕಿಲ್ಲ ಅಂದ್ರೆ ಕಿಟಕಿ ಕಡೆ. ಒಟ್ಟಿನಲ್ಲಿ ತಟ್ಟೆ ಮುಂದೆ ಕೂತ್ಕೊಳ್ಳೋಕೆ ಮಾತ್ರ ಜಾಗ ಇಲ್ಲ” ಎನ್ನುತ್ತಾರೆ.

ಈಗ ಡ್ರೈವರ್ ವಿಷಯಕ್ಕೆ ಬರುತ್ತೇನೆ. ಶಾಲೆಯ ಬಸ್ಸು ಓಡಿಸುವಾತ ಸಿಡುಕ. ಮಕ್ಕಳನ್ನು ಗದರುತ್ತಾನೆ, ಯಾರಿಗೂ ನಮಸ್ಕಾರ ಹೇಳುವುದಿಲ್ಲ, ಕಣ್ಣು ಸದಾ ಕೆಂಪು. ಒಂದು ಮಧ್ಯಾಹ್ನ ನೀರಿನ ಟ್ಯಾಂಕಿನ ತಿರುವಿನಲ್ಲಿ ಜೋರಾಗಿ ಬ್ರೇಕ್ ಹಾಕಿದ. ಒಂದನೇ ತರಗತಿಯ ಹುಡುಗಿಯೊಬ್ಬಳ ಹಣೆ ಮುಂದಿನ ಸೀಟಿನ ಕಂಬಿಗೆ ಬಡಿದು ಒಡೆಯಿತು. ಆತ ಮಗುವನ್ನು ಮನೆ ಬಾಗಿಲಲ್ಲಿ ಇಳಿಸಿ, ಒಂದು ಮಾತೂ ಆಡದೆ ಹೊರಟುಹೋದ. ಸಂಜೆಯೊಳಗೆ ಪೋಷಕರ ಫೋನ್ ಗ್ರೂಪಿನಲ್ಲಿ ಡ್ರೈವರ್ ಕುಡಿದಿದ್ದ ಎಂದು ಬಂತು. ಸ್ವಲ್ಪ ಹೊತ್ತಿಗೆ ದಿನಾ ಕುಡಿಯುತ್ತಾನೆ ಎಂದಾಯಿತು. ಮಲಗುವ ಹೊತ್ತಿಗೆ ಹಿಂದಿನ ಶಾಲೆಯಲ್ಲೂ ಇದಕ್ಕೇ ಕೆಲಸದಿಂದ ತೆಗೆದಿದ್ದರಂತೆ ಎಂದಾಯಿತು. ಶನಿವಾರ ಸಭೆ ಕರೆದರು. ಆತನನ್ನು ಕೆಲಸದಿಂದ ತೆಗೆಯುವುದು ಎಲ್ಲರಿಗೂ ಗೊತ್ತಿತ್ತು, ಸಭೆ ಬರೀ ಶಾಸ್ತ್ರಕ್ಕೆ.

ಎಂಟನೇ ತರಗತಿಯ ಕೆಲವರು ಅದೇ ಬಸ್ಸಿನಲ್ಲಿದ್ದರು. ಅವರಲ್ಲಿ ವಕೀಲ ಎಂದೇ ಎಲ್ಲರೂ ಕರೆಯುವ ಮಾತುಗಾರ ಹುಡುಗ ಬಂದು, “ಮೇಡಂ, ನಾವು ಡ್ರೈವರಣ್ಣನ ಪರ ಮಾತಾಡ್ತೀವಿ” ಎಂದ.

“ಪರ ಅಂತ ಈಗಲೇ ಹೇಗೆ ಗೊತ್ತಾಯ್ತು? ಮೊದಲು ಏನಾಯ್ತು ಅಂತ ಹೇಳಿ.”

ಮಕ್ಕಳು ಒಂದೊಂದೇ ಹೇಳಿದರು. ಗಲ್ಲಿಯೊಳಗಿಂದ ಸಿಮೆಂಟ್ ತುಂಬಿದ ಗೂಡ್ಸ್ ಆಟೋ ಹಿಮ್ಮುಖವಾಗಿ ಬಂದಿತ್ತು, ಅದನ್ನು ಮೂವರು ಕಂಡಿದ್ದರು. ಡ್ರೈವರ್ ಬೆನ್ನಿಗೇ ಕೂತಿದ್ದ ಇಬ್ಬರಿಗೂ ಯಾವ ವಾಸನೆಯೂ ಬಂದಿರಲಿಲ್ಲ. ಮೂಲೆಯಲ್ಲಿ ನಿಂತಿದ್ದ ಎತ್ತರದ ಹುಡುಗಿ, ಕ್ಲಾಸಿನಲ್ಲಿ ಬಾಯಿ ಬಿಡುವುದೇ ಅಪರೂಪ, ಮೆಲ್ಲಗೆ ಹೇಳಿದಳು: “ಬ್ರೇಕ್ ಹಾಕೋಕ್ಕಿಂತ ಮುಂಚೆ ಅವರು ಹಿಂದೆ ತಿರುಗಿ ನಮ್ಮನ್ನ ಬೈತಾ ಇದ್ರು ಮೇಡಂ. ರಸ್ತೆ ನೋಡ್ತಾ ಇರ್ಲಿಲ್ಲ.”

“ಅದನ್ನ ಹೇಳೋದು ಬೇಡ ಮೇಡಂ,” ವಕೀಲ ತಡೆದ. “ಅವರ ಕೆಲಸ ಹೋಗುತ್ತೆ.”

“ನಮಗೆ ಬೇಕಾದ್ದು ಮಾತ್ರ ಕಿಟಕಿ ಕಡೆ ನಿಂತ್ಕೊಳ್ಳುತ್ತಾ? ಅದನ್ನ ಮುಚ್ಚಿಟ್ಟು ಗೆದ್ರೆ ಆ ಗ್ರೂಪಿಗೂ ನಿಮಗೂ ಏನಪ್ಪಾ ವ್ಯತ್ಯಾಸ?”

ಒಂದು ಕೆಲಸ ಉಳಿಯಲಿ ಎಂಬ ಒಳ್ಳೆಯ ಉದ್ದೇಶಕ್ಕೂ ಸುಳ್ಳಿನ ಸಾಲ ತರಬಾರದು ಎಂದು ಹದಿಮೂರರ ಮಕ್ಕಳಿಗೆ ನೇರವಾಗಿ ಹೇಳುವ ಮೇಷ್ಟ್ರು ನಮ್ಮಲ್ಲಿ ಎಷ್ಟು ಜನ ಇದ್ದಾರೆ?

ಶನಿವಾರ ಸಭೆ ತುಂಬಿತ್ತು. ಡ್ರೈವರ್ ಬಾಗಿಲ ಬಳಿ ಗೋಡೆಗೆ ಅಂಟಿ ನಿಂತಿದ್ದ, ಕೂರಲು ಯಾರೂ ಹೇಳಿರಲಿಲ್ಲ. ಪೆಟ್ಟಾದ ಮಗುವಿನ ತಾಯಿ ಎದ್ದು, “ಆ ಮನುಷ್ಯ ಕುಡಿದೇ ಓಡಿಸೋದು” ಎಂದರು.

ವಕೀಲ ಥಟ್ಟನೆ ಎದ್ದ. “ಆಂಟಿ, ಅದು ಯಾರೂ ಕಣ್ಣಾರೆ ನೋಡದ ಮಾತು.”

“ಎಂಥ ಒರಟ ಅಂತ ಎಲ್ಲರಿಗೂ ಗೊತ್ತು” ಎಂದರು ಇನ್ನೊಬ್ಬರು.

“ಅದು ಅಭಿಪ್ರಾಯ ಅಂಕಲ್.”

“ಬೆಂಕಿ ಇಲ್ದೆ ಹೊಗೆ ಆಡುತ್ತಾ?”

“ಅದು ಗಾದೆ. ಸಾಕ್ಷಿ ಅಲ್ಲ.”

ಹುಡುಗನ ಒಂದು ಮಾತೂ ತಪ್ಪಾಗಿರಲಿಲ್ಲ. ಆದರೆ ಒಂದೊಂದು ಮಾತಿಗೂ ಸಭೆ ಕಲ್ಲಾಗುತ್ತಾ ಹೋಯಿತು. ಆ ತಾಯಿ ಅವನನ್ನೇ ನೋಡಿ, “ನನ್ನ ಮಗಳ ಹಣೆಗೆ ಹೊಲಿಗೆ ಹಾಕಿದಾರೆ. ಅದೂ ಅಭಿಪ್ರಾಯನೇನಪ್ಪಾ?” ಎಂದರು. ಅವನು ಕುಸಿದು ಕೂತ. ಹಿಂದಿನ ಸಾಲಿನಲ್ಲಿ ಯಾರೋ, “ಇದೇನಾ ಆ ಮೇಡಂ ಕಲಿಸೋದು, ದೊಡ್ಡವರಿಗೆ ಎದುರು ಮಾತು?” ಎಂದರು. ಮೇಡಂ ಕೇಳಿಸಿಕೊಂಡರು, ಎದ್ದು ಸಮರ್ಥಿಸಿಕೊಳ್ಳಲಿಲ್ಲ. ಅವರ ಪಾಠದ ಅರ್ಧವನ್ನೇ ಹಿಡಿದು ಬಂದಿದ್ದ ಹುಡುಗ ಡ್ರೈವರನ ಕೆಲಸವನ್ನು ಹೆಚ್ಚುಕಡಿಮೆ ಮುಗಿಸಿಯೇಬಿಟ್ಟಿದ್ದ.

ಆಗ ಎತ್ತರದ ಹುಡುಗಿ ಎದ್ದಳು.

“ಆಂಟಿ, ನಿಮ್ಮ ಮಾತನ್ನ ನಾನು ಒಂದ್ಸಲ ಹೇಳ್ತೀನಿ. ತಪ್ಪಿದ್ರೆ ತಿದ್ದಿ. ಬೆಳಿಗ್ಗೆ ಮಗೂನ ಬಸ್ ಹತ್ತಿಸಿದ ಮೇಲೆ ನಿಮ್ಮ ಕೈಯಲ್ಲಿ ಏನೂ ಇರಲ್ಲ. ಯಾರನ್ನೋ ನಂಬಲೇಬೇಕು. ನಂಬಿದವರು ರಕ್ತ ಸೋರೋ ಮಗೂನ ಬಾಗಿಲಲ್ಲಿ ಬಿಟ್ಟು, ಏನಾಯ್ತು ಅಂತ ಒಂದು ಮಾತೂ ಹೇಳ್ದೆ ಹೋದ್ರು. ನಾಳೆ ಮತ್ತೆ ಅದೇ ಬಸ್ಸಿಗೆ ಹೇಗೆ ಹತ್ತಿಸ್ಲಿ ಅಂತ ನಿಮ್ಮ ಪ್ರಶ್ನೆ. ಅಷ್ಟೇ ಅಲ್ವಾ?”

ಆ ತಾಯಿಯ ಕಣ್ಣು ತುಂಬಿತು. “ಅಷ್ಟೇ ಕಣಮ್ಮಾ.”

ಆಮೇಲೆ ಹುಡುಗಿ ತಾವು ಕಂಡದ್ದನ್ನು ಹೇಳಿದಳು. ಆಟೋ, ವಾಸನೆ ಇಲ್ಲದ್ದು, ಕೊನೆಗೆ ಡ್ರೈವರ್ ಹಿಂದೆ ತಿರುಗಿದ್ದು. ಆ ಕೊನೆಯ ಮಾತಿಗೆ ಸಭೆ ಅವಳನ್ನು ನಂಬಿತು. ಮುಚ್ಚಿಡಬಹುದಾದದ್ದನ್ನು ಮುಚ್ಚಿಡದವಳು ಉಳಿದದ್ದನ್ನೂ ನಿಜವೇ ಹೇಳಿರಬೇಕು ಎಂದು ದೊಡ್ಡವರಿಗೆ ಅನಿಸಿತು.

“ತಿರುಗಿದ್ದು ಹೌದು,” ಡ್ರೈವರ್ ನೆಲ ನೋಡುತ್ತಾ ಹೇಳಿದ. “ಹಿಂದೆ ಮಕ್ಕಳು ಬಾಗಿಲು ಹಿಡ್ಕೊಂಡು ಜೋತಾಡ್ತಾ ಇದ್ವು. ಬಿದ್ಬಿಟ್ರೆ ಅಂತ ಭಯ ಆಯ್ತು. ಮಗೂನ ಇಳಿಸುವಾಗ ಬಾಯೇ ಬರ್ಲಿಲ್ಲಮ್ಮಾ. ಕುಡಿಯೋ ಅಭ್ಯಾಸ ನಂಗಿಲ್ಲ.”

ಹೆಡ್‌ಮಾಸ್ಟರು ಮೇಡಂ ಕಡೆ ತಿರುಗಿ, “ನಿಮ್ಮ ಅಭಿಪ್ರಾಯ ಏನು ಮೇಡಂ?” ಎಂದು ಕೇಳಿದರು.

“ನನಗೆ ಅವರನ್ನ ಕಂಡ್ರೆ ಆಗಲ್ಲ ಸರ್. ಮಳೇಲಿ ಕೈ ಅಡ್ಡ ಹಿಡಿದ್ರೂ ಬಸ್ ನಿಲ್ಲಿಸದೆ ಹೋಗಿದಾರೆ. ನೀವು ಕೇಳಿದ್ರಿ ಅಂತ ಹೇಳ್ದೆ. ಅದರ ಮೇಲೆ ಯಾರ ಕೆಲಸಾನೂ ತೆಗೀಬೇಡಿ.”

ಸಭೆ ನಕ್ಕಿತು, ಡ್ರೈವರ್ ಕೂಡ. ಆದರೆ ಆ ಮಾತು ನಗುವಷ್ಟು ಹಗುರವಲ್ಲ. ಇಷ್ಟವಾದವರಿಗಾಗಿ ನ್ಯಾಯ ಕೇಳುವುದು ಯಾರಿಗಾದರೂ ಬರುತ್ತದೆ. ಕಂಡರಾಗದವನ ವಿಷಯದಲ್ಲೂ ನ್ಯಾಯದ ತಕ್ಕಡಿಗೆ ಬೆರಳು ತಾಗಿಸದೆ ಇರುವುದು ಬೇರೆಯೇ ಮಟ್ಟದ ಕಸುಬು. ಅದನ್ನು ಆ ಹೆಂಗಸು ಸದ್ದಿಲ್ಲದೆ ಕಲಿಸುತ್ತಿದ್ದಾರೆ, ಅದಕ್ಕೆ ಅಂಕವೂ ಇಲ್ಲ, ಕಪ್ಪೂ ಇಲ್ಲ.

ಆತನಿಗೆ ಎಚ್ಚರಿಕೆ ಕೊಟ್ಟು ಕೆಲಸ ಉಳಿಸಿದರು. ಮಕ್ಕಳನ್ನು ನೋಡಿಕೊಳ್ಳಲು ಬಸ್ಸಿಗೆ ಒಬ್ಬ ಆಯಾ ಬಂದರು, ಈಗ ಆತ ಹಿಂದೆ ತಿರುಗಬೇಕಾಗಿಲ್ಲ. ವಕೀಲನಿಗೆ ಮೇಡಂ ಬೈಯಲಿಲ್ಲ. ಮರುವಾರ ಆ ತಾಯಿಯ ಪರವಾಗಿ ವಾದಿಸಲು ಅವನನ್ನೇ ನಿಲ್ಲಿಸಿದರು. ಅವನು ಬೆವತು ಹೋದನಂತೆ.

ಇಷ್ಟಾದರೂ ನನ್ನ ಸಿಟ್ಟು ಇಳಿದಿಲ್ಲ. ಕುಡಿದಿದ್ದ ಎಂದು ಮೊದಲು ಹೇಳಿದವರು ಯಾರು ಎಂದು ಆ ತಾಯಿ ಸಭೆಯಲ್ಲೇ ಕೇಳಿದ್ದರು. ಎಲ್ಲರೂ ಇನ್ನೊಬ್ಬರಿಂದ ಬಂತು ಎಂದರು. ಅದೇ ಗ್ರೂಪಿನಲ್ಲಿ ಮರುದಿನ ಬೆಳಿಗ್ಗೆ ಹೂವಿನ ಚಿತ್ರ, ಶುಭೋದಯ. ತಪ್ಪಾಯಿತು ಎಂದು ಒಬ್ಬರೂ ಬರೆಯಲಿಲ್ಲ. ಸಭೆಗೆ ಬಾರದ ಎಷ್ಟೋ ಮನೆಗಳಲ್ಲಿ ಆತ ಇವತ್ತಿಗೂ ಕುಡುಕನೇ.

ನೀವೂ ಯಾರ ಬಗ್ಗೆಯೋ ಇಂಥದ್ದೊಂದು ಮಾತು ದಾಟಿಸಿದ್ದೀರಿ. ಯಾರೆಂದು ಈ ಸಾಲು ಓದುವಾಗಲೇ ನೆನಪಾಗಿರುತ್ತದೆ. ಪತ್ರಿಕೆ ಮಡಚಿಡಿ. ಯಾರ ಕಿವಿಗೆ ಹಾಕಿದ್ದಿರೋ ಅವರ ಮನೆಗೆ ಇವತ್ತೇ ಹೋಗಿ, ಅದು ನನಗೆ ಗೊತ್ತಿಲ್ಲದೆ ಆಡಿದ ಮಾತು ಎಂದು ಬಾಯಿಬಿಟ್ಟು ಹೇಳಿ ಬನ್ನಿ.